ಹೊಗೆ ಕಂಡ ತಕ್ಷಣ ಎಂಜಿನ್ ಬೋರ್ ಮಾಡಿಸ್ಬೇಡಿ

ನಮ್ ಕಡೆ ನೀರಿಗೆ ಬೋರ್ ಹಾಕ್ಸೋಕೆ ಮುಂಚೆ ಕೈಯಲ್ಲಿ ತೆಂಗಿನಕಾಯಿ ಇಟ್ಕೊಂಡಾದ್ರೂ ಪಾಯಿಂಟ್ ನೋಡಿಸ್ತೀವಿ. ಓಮ್ನಿ ಎಂಜಿನ್ ಬೋರ್ ಮಾಡ್ಸೋಕೆ ಅಷ್ಟೂ ನೋಡಲ್ಲ. ಹಿಂದ್ಗಡೆ ನೀಲಿ ಹೊಗೆ ಬಂತು, ಗ್ಯಾರೇಜಿನವರು ಸೀಟ್ ಎತ್ತಿ ಒಂದ್ಸಲ ಕಿವಿಗೊಟ್ಟು "ಎಂಜಿನ್ ಹೋಗಿದೆ ಅಣ್ಣ, ಬೋರ್ ಮಾಡಿ ಪಿಸ್ಟನ್ ಹಾಕ್ಬೇಕು" ಅಂದ್ರು, ನಾವು ಟೊಮೇಟೊ ಕ್ರೇಟ್ ಇಳಿಸ್ಕೊಂಡು ಗಾಡಿ ಅಲ್ಲೇ ಬಿಟ್ಟು ಬಂದ್ವಿ. ಅಳತೆ ಎಲ್ಲಪ್ಪಾ ಅಂತ ಕೇಳಿದೋರು ಎಷ್ಟು ಜನ?

ನನ್ನ ಜಗಳ ಇರೋದು ಇದ್ರ ಮೇಲೇನೇ. ಬೋರ್ ಮಾಡೋದು ತಪ್ಪಲ್ಲ, ಅಳೀದೆ ಮಾಡೋದು ತಪ್ಪು. ಓಮ್ನಿಯ 796 ಸಿಸಿ ಎಂಜಿನ್ನಿನ ಸಿಲಿಂಡರ್ 68.5 ಮಿ.ಮೀ. ಅಗಲ. ಓವರ್‌ಸೈಜ್ ಪಿಸ್ಟನ್ ಅಂದ್ರೆ ಸಾಮಾನ್ಯವಾಗಿ ಮೊದ್ಲು 0.25, ಆಮೇಲೆ 0.50. ಅದೂ ಮುಗಿದ್ರೆ ಸ್ಲೀವ್ ಹಾಕ್ಸಿ, ಇಲ್ಲ ಬೇರೆ ಬ್ಲಾಕ್ ಹುಡುಕ್ತಾ ಅಲೀರಿ. ಓಮ್ನಿ ತಯಾರಿಕೆ 2019ರಲ್ಲೇ ನಿಂತೋಗಿದೆ. ಬರೀ ರಿಂಗ್ ಸವೆದಿದ್ದಕ್ಕೆ ಒಂದು ಸೈಜ್ ಕಳ್ಕೊಳ್ಳೋದು, ಉಂಗುಷ್ಠ ಕಿತ್ತೋಯ್ತು ಅಂತ ಚಪ್ಪಲಿ ಜೋಡೀನೇ ಎಸೆದಂಗೆ.

ಹೊಗೆ ಯಾವಾಗ ಬರುತ್ತೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಒಂದ್ಸಲ ಬುಸ್ ಅಂತ ಬಂದು ನಿಂತೋದ್ರೆ ಬಹುಪಾಲು ವಾಲ್ವ್ ಸೀಲ್. ಪಿಸ್ಟನ್ ತಂಟೆಗೇ ಹೋಗ್ಬೇಡಿ. ಲೋಡ್ ಹಾಕಿ ಏರು ಹತ್ತುವಾಗ ಒಂದೇ ಸಮ ಬಂದ್ರೆ ರಿಂಗಿನ ಮೇಲೆ ಅನುಮಾನ ಪಡಿ. ಆಮೇಲೆ ಕಂಪ್ರೆಷನ್ ಗೇಜ್. ಎಂಜಿನ್ ಬಿಸಿ ಇರಲಿ. ಕಾಯಿಲ್ ವೈರ್ ತೆಗೆದು (ಎಂಪಿಎಫ್‌ಐ ಆದ್ರೆ ಇಂಜೆಕ್ಟರ್ ಕನೆಕ್ಷನ್ನೂ), ಮೂರೂ ಪ್ಲಗ್ ಬಿಚ್ಚಿ, ಆಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ, ಬಂದಿದ್ದು ಬರ್ಕೊಳ್ಳಿ. ಕಮ್ಮಿ ಬಂದ ಸಿಲಿಂಡರಿಗೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದ್ರೆ ಸೋರಿಕೆ ರಿಂಗ್ ಹತ್ರ, ಇಲ್ಲಾಂದ್ರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅರ್ಧ ಗಂಟೆ ಕೆಲ್ಸ ಇದು. ಇದನ್ನೂ ಮಾಡದವರು ಸಾವಿರಗಟ್ಟಲೆ ಬಿಲ್ ಹೇಳಿದ್ರೆ ಯಾಕೆ ಒಪ್ಕೋಬೇಕು?

ಹೆಡ್ ಬಿಚ್ಚಿ, ಚೇಂಬರ್ ಇಳಿಸಿ, ಪಿಸ್ಟನ್ ಹೊರಗೆ ಬಂದ ಮೇಲೆ ಅಸಲಿ ಪರೀಕ್ಷೆ. ಹೊಸ ರಿಂಗ್ ಒಂದನ್ನ ಸಿಲಿಂಡರ್ ತಳಕ್ಕೆ, ಹಳೇ ರಿಂಗ್ ಉಜ್ಜದೇ ಇರೋ ಜಾಗಕ್ಕೆ, ಪಿಸ್ಟನ್ ತಲೆಕೆಳಗು ಮಾಡಿ ನೆಟ್ಟಗೆ ತಳ್ಳಿ. ರಿಂಗ್ ಬಾಯಿಯ ಸಂದು ಫೀಲರ್ ಗೇಜಲ್ಲಿ ಅಳೀರಿ. ಅದೇ ರಿಂಗನ್ನ ಮೇಲಕ್ಕೆ ತಂದು, ಸವೆತ ಜಾಸ್ತಿ ಇರೋ ಕಡೆ ಮತ್ತೆ ಅಳೀರಿ. ವ್ಯತ್ಯಾಸವನ್ನ 3.14ರಿಂದ ಭಾಗಿಸಿ. ತಳದಲ್ಲಿ 0.25, ಮೇಲೆ 0.50 ಬಂದ್ರೆ ಸಿಲಿಂಡರ್ ಸವೆದಿರೋದು ಸುಮಾರು 0.08 ಮಿ.ಮೀ. 0.10ರೊಳಗೆ ಇದ್ರೆ ರಿಂಗ್ ಸಾಕು. ದಾಟಿದ್ರೆ, ಗೋಡೆ ಮೇಲೆ ಗೀರು ಬಿದ್ದಿದ್ರೆ ಬೋರ್ ಮಾಡ್ಸಿ, ನಾನೇನೂ ತಡೆಯಲ್ಲ. ಸಿಲಿಂಡರ್ ಮೊಟ್ಟೆಯಾಕಾರ ಆಗಿದ್ರೆ ಈ ಲೆಕ್ಕದಲ್ಲಿ ಸಿಗಲ್ಲ, ಅದಕ್ಕೆ ಡಯಲ್ ಗೇಜ್ ಇರೋ ಲೇತ್‌ನವರನ್ನ ಗಾಡಿ ಹತ್ರಾನೇ ಕರೀರಿ.

"ಬರೀ ರಿಂಗ್ ಹಾಕಿದ್ರೆ ನಿಲ್ಲಲ್ಲ" ಅಂತಾರೆ. ಹೊಗೆ ನಿಲ್ದಿದ್ರೆ ನಾವೇ ಹೋಗಿ ಕೂಗಾಡ್ತೀವಲ್ಲ, ಆ ಭಯ ಅವರಿಗೂ ಇದೆ, ಒಪ್ಪೋಣ. ಆದ್ರೆ ನಿಲ್ಲದೇ ಇರೋದು ಯಾಕೆ? ಕನ್ನಡಿ ಥರ ಹೊಳೆಯೋ ಗೋಡೆಗೆ ಹೋನಿಂಗ್ ಮಾಡದೇ ಹೊಸ ರಿಂಗ್ ತುರುಕಿದ್ರೆ ಅದು ಕೂರಲ್ಲ. ಅಡ್ಡಡ್ಡ ಗೆರೆ ಬೀಳ್ಬೇಕು. ಆ ಪುಡಿ ಕ್ರ್ಯಾಂಕ್ ಮೇಲೆ ಬಿದ್ರೆ ಬೇರಿಂಗ್ ತಿನ್ನುತ್ತೆ, ಅದಕ್ಕೆ ಬಟ್ಟೆ ಮುಚ್ಚಿ. ಆಮೇಲೆ ಸಿಲಿಂಡರ್ ಗೋಡೆಯನ್ನ ಸೋಪು ನೀರಿನ ಬಟ್ಟೆಯಿಂದ ಒರೆಸಿ, ಬಿಳೀ ಪಂಚೆ ತುಂಡು ಕಪ್ಪಾಗದೇ ಇರೋ ತನಕ ಒರೆಸಿ, ಕೂಡ್ಲೇ ಆಯಿಲ್ ಹಚ್ಚಿ. ಬರೀ ಪೆಟ್ರೋಲಲ್ಲಿ ಒರೆಸಿದ್ರೆ ಪುಡಿ ಹೋಗಲ್ಲ. ಸಿಲಿಂಡರ್ ಮೇಲ್ತುದೀಲಿ ಉಗುರಿಗೆ ತಟ್ಟೋ ಅಂಚಿದ್ರೆ ಅದನ್ನ ತೆಗೆಸ್ದೆ ರಿಂಗ್ ಹಾಕ್ಬೇಡಿ, ಹೊಸ ರಿಂಗ್ ಅದಕ್ಕೆ ಬಡಿದು ಮುರಿಯುತ್ತೆ. ಪಿಸ್ಟನ್ ಗಾಡೀಲಿರೋ ಕಿಟ್ಟ, ಆಯಿಲ್ ರಿಂಗ್ ಹಿಂದಿನ ತೂತು ಕ್ಲೀನ್ ಮಾಡಿ. ಎಷ್ಟೋ ಸಲ ಅಸಲಿ ರೋಗ ಅಲ್ಲೇ ಇರುತ್ತೆ. ರಿಂಗ್ ಗಾಡೀಲಿ ಲೊಟಲೊಟ ಅಂದ್ರೆ ಮಾತ್ರ ಪಿಸ್ಟನ್ ಬದಲಿಸಿ. ಗುರುತಿನ ಕಡೆ ಮೇಲಕ್ಕೆ, ಬಾಯಿಗಳು ಒಂದೇ ಸಾಲಿಗೆ ಬರ್ಬಾರ್ದು.

ದುಡ್ಡು ಉಳಿಸೋ ಆಸೇಲಿ ಹಳೇ ಹೆಡ್ ಗ್ಯಾಸ್ಕೆಟ್ ವಾಪಸ್ ಹಾಕೋದು, ಪ್ಯಾಕೆಟ್ ಇಲ್ಲದ ರಿಂಗ್ ತರೋದು, ಟಾರ್ಕ್ ಸ್ಪ್ಯಾನರ್ ಇಲ್ದೆ ಹೆಡ್ ಬಿಗಿಯೋದು, ಇವು ಉಳಿತಾಯ ಅಲ್ಲ. ರಾಡ್ ಕ್ಯಾಪ್‌ಗಳನ್ನ ಬಿಚ್ಚೋ ಮುಂಚೆ ಗುರುತು ಮಾಡ್ಸಿ, ಅದಲು ಬದಲು ಆಗ್ಬಾರ್ದು.

ಇನ್ನೊಂದು ವಿಷ್ಯ. ನಮ್ ಗಾಡಿಗಳ ರಿಂಗ್ ತಿನ್ನೋದ್ರಲ್ಲಿ ಕಿಲೋಮೀಟರಿಗಿಂತ ಧೂಳಿನ ಪಾಲು ಜಾಸ್ತಿ. ಮಣ್ಣು ರೋಡು, ಅದ್ರ ಮೇಲೆ ರಾಗಿ ಒಕ್ಕಣೆ ಹೊಟ್ಟು. ಏರ್ ಫಿಲ್ಟರ್ ಡಬ್ಬಿ ಕ್ಲಿಪ್ ಮುರಿದು ತಂತಿ ಸುತ್ತಿದ್ದೀರಾ? ಪೈಪ್ ಬಿರುಕು ಬಿಟ್ಟಿದ್ಯಾ? ಹಂಗಿದ್ರೆ ಹೊಸ ರಿಂಗೂ ಅದೇ ದಾರಿ ಹಿಡಿಯುತ್ತೆ.

ಕೆಲ್ಸ ಆದ ಮೇಲೆ ಮನೆ ಮುಂದೆ ಸುಮ್ನೆ ಗಂಟೆಗಟ್ಟಲೆ ಓಡ್ಸಿ ನಿಲ್ಲಿಸ್ಬೇಡಿ. ಹದವಾದ ಲೋಡಲ್ಲಿ ರೋಡಿಗೆ ತಗೊಂಡು ಹೋಗಿ, 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಿ. ಕಂಪ್ರೆಷನ್ ಗೇಜ್ ನನ್ನ ಹತ್ರ ಇದೆ, ಬೇಕಾದೋರು ಬಂದು ತಗೊಂಡು ಹೋಗಿ. ಸಂಜೆಯೊಳಗೆ ವಾಪಸ್ ತಂದ್ಕೊಡಿ, ಹೋದ ಸಲದ ಸ್ಪ್ಯಾನರ್ ಸೆಟ್ ಇನ್ನೂ ಯಾರ ಮನೇಲಿದೆಯೋ ಗೊತ್ತಿಲ್ಲ.