ಆರು ವಾರಕ್ಕೆಂದು ಹೋಗಬೇಡಿ

ನಿರಾಶ್ರಿತರ ನೆರವು ಸಂಸ್ಥೆಗೆ ಆರು ವಾರದ ಇಂಟರ್ನ್ ಆಗಿ ಹೋಗಬೇಡಿ. ಬ್ರಿಟನ್ನಿಗೆ ಮಾಸ್ಟರ್ಸ್ ಓದಲು ಹೊರಟವರು ಸಲಹೆ ಕೇಳಿದಾಗಲೆಲ್ಲ ನಾನು ಹೇಳುವುದು ಇದನ್ನೇ. ಹೋಗಲೇಬೇಡಿ ಎಂದಲ್ಲ. ಹೋಗಿ, ಆದರೆ ಓದು ಮುಗಿಯುವ ತನಕ ಇರಿ.

ನಾನು ಓದಿದ್ದು ಶೆಫೀಲ್ಡ್‌ನಲ್ಲಿ. 2007ರಲ್ಲಿ ಬ್ರಿಟನ್ನಿನ ಮೊದಲ ‘ಸಿಟಿ ಆಫ್ ಸ್ಯಾಂಕ್ಚುರಿ’, ಅಂದರೆ ಆಶ್ರಯದ ನಗರ, ಎನಿಸಿಕೊಂಡ ಊರು ಅದು. ಅಲ್ಲಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ ಕಣ್ಣಿಗೆ ಬಿದ್ದ ಮೊದಲ ಸಂಗತಿಯೆಂದರೆ, ಆಶ್ರಯ ಕೇಳಿಕೊಂಡು ಬಂದವರು ತಮ್ಮ ಬದುಕಿನ ಅತಿ ಕೆಟ್ಟ ದಿನವನ್ನು ಮತ್ತೆ ಮತ್ತೆ ಹೇಳಬೇಕು. ಬಂದ ಕೂಡಲೇ ಗೃಹ ಇಲಾಖೆಯ ಮೊದಲ ಸಂದರ್ಶನ, ಎಷ್ಟೋ ಕಾಲದ ಮೇಲೆ ದೊಡ್ಡ ಸಂದರ್ಶನ, ನಡುವೆ ವಕೀಲರ ಮುಂದೆ, ಡಾಕ್ಟರ ಮುಂದೆ, ಅರ್ಜಿ ತಿರಸ್ಕಾರವಾದರೆ ನ್ಯಾಯಮಂಡಳಿಯ ಮುಂದೆ. ಇಷ್ಟು ಸಾಲದೆಂಬಂತೆ ಪ್ರತಿ ಹೊಸ ಇಂಟರ್ನ್ ಬಂದು, ಒಳ್ಳೆಯ ಮನಸ್ಸಿನಿಂದಲೇ, ‘ನಿಮಗೆ ಏನಾಯಿತು?’ ಎಂದು ಕೇಳುತ್ತಾರೆ. ಅವರ ಪರಿಚಯವಾಗುವ ಹೊತ್ತಿಗೆ ಇಂಟರ್ನ್‌ನ ಅವಧಿಯೇ ಮುಗಿದಿರುತ್ತದೆ. ಆಮೇಲೆ ಇನ್ನೊಬ್ಬರು, ಮತ್ತೆ ಮೊದಲಿನಿಂದ.

ಅವರ ಕಥೆ ಕೇಳುವುದು ಇಂಟರ್ನ್‌ನ ಕೆಲಸವೇ ಅಲ್ಲ. ವಲಸೆ ವಿಷಯದಲ್ಲಿ ಕಾನೂನು ಸಲಹೆ ಕೊಡುವುದೂ ಅಲ್ಲ. 1999ರ ಕಾಯ್ದೆಯ ಪ್ರಕಾರ ಅರ್ಹತೆ, ನೋಂದಣಿ ಇಲ್ಲದವರು ಅಂಥ ಸಲಹೆ ಕೊಟ್ಟರೆ ಅಪರಾಧ. ಉಳಿಯುವುದು ಕಾಗದಪತ್ರದ ಕೆಲಸ. ಹತ್ತಿರದ ಡಾಕ್ಟರ ಬಳಿ ಹೆಸರು ಬರೆಸುವುದು, ಮಕ್ಕಳಿಗೆ ಶಾಲೆ ಹುಡುಕುವುದು, ಸರ್ಕಾರ ಕೊಟ್ಟ ಆಸ್ಪೆನ್ ಕಾರ್ಡಿಗೆ ವಾರದ ದುಡ್ಡು ಬೀಳದಿದ್ದರೆ ಸಹಾಯವಾಣಿಗೆ ಫೋನ್ ಹಚ್ಚಿ ಕಾಯುವುದು. ಆ ದುಡ್ಡು 2024ರಲ್ಲಿ ತಲೆಗೆ ವಾರಕ್ಕೆ 49.18 ಪೌಂಡ್. ಊಟ, ಬಟ್ಟೆ, ಸೋಪು, ಬಸ್ಸು, ಎಲ್ಲವೂ ಅದರಲ್ಲೇ. ದುಡಿದು ತಿನ್ನೋಣವೆಂದರೆ ಅನುಮತಿಯಿಲ್ಲ. ಒಂದು ವರ್ಷ ಕಾದ ಮೇಲೆ ಅನುಮತಿಗೆ ಅರ್ಜಿ ಹಾಕಬಹುದು, ಅದೂ ಸರ್ಕಾರದ ಪಟ್ಟಿಯಲ್ಲಿರುವ ಕೆಲಸಗಳಿಗೆ ಮಾತ್ರ. ವಿದ್ಯಾರ್ಥಿ ವೀಸಾದ ನನಗೆ ವಾರಕ್ಕೆ 20 ಗಂಟೆ ದುಡಿಯುವ ಹಕ್ಕಿತ್ತು. ಮೇಜಿನ ಆಚೆ ಕುಳಿತ, ನನಗಿಂತ ಹೆಚ್ಚು ಓದಿದ ಎಂಜಿನಿಯರ್‌ಗೆ ಒಂದು ಗಂಟೆಯೂ ಇರಲಿಲ್ಲ. ಇದನ್ನು ನ್ಯಾಯವೆಂದು ಒಪ್ಪಲು ನನಗೆ ಇವತ್ತಿಗೂ ಆಗಿಲ್ಲ.

ಕಾಗದಪತ್ರ ಎಂದರೆ ಹಗುರವಾಗಿ ತಿಳಿಯಬೇಡಿ. ಅಫ್ಘಾನಿಸ್ತಾನದ ಹಿರಿಯರೊಬ್ಬರು ಫಾರಂನಲ್ಲಿ ತಾರೀಕಿನ ಜಾಗದಲ್ಲಿ 1400 ಎಂದು ಬರೆದರು. ಅವರ ಪಂಚಾಂಗದ ವರ್ಷ ಶುರುವಾಗುವುದು ಮಾರ್ಚ್ ಮೂರನೇ ವಾರದ ಸುಮಾರಿಗೆ. ಹಾಗಾಗಿ ವರ್ಷದ ಮೊದಲ ಒಂಬತ್ತು ತಿಂಗಳಿಗೆ 621 ಕೂಡಿಸಬೇಕು, ಜನವರಿಯಿಂದಾಚೆಗೆ 622. ತಾಲಿಬಾನ್ ಕಾಬೂಲ್ ಹಿಡಿದ ದಿನ ನಮಗೆ 15 ಆಗಸ್ಟ್ 2021, ಅವರಿಗೆ 1400ರ ಅಸದ್ ತಿಂಗಳ 24. ಅವಸರದಲ್ಲಿ ಒಂದು ವರ್ಷ ಆಚೀಚೆಯಾಯಿತೋ, ಮುಂದೆ ಸಂದರ್ಶನದಲ್ಲಿ ‘ಅವತ್ತು ಹೀಗೆ ಹೇಳಿದ್ದಿರಿ, ಇವತ್ತು ಹಾಗೆ ಹೇಳುತ್ತಿದ್ದೀರಿ’ ಎಂಬ ಪ್ರಶ್ನೆ ಬರುತ್ತದೆ. ಹೇಳುವವರ ಮಾತನ್ನೇ ನಂಬಲಾಗದು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಹುಟ್ಟಿದ ದಿನ ಜನವರಿ 1 ಎಂದು ದಾಖಲಾದವರು ಎಷ್ಟೊಂದು ಮಂದಿ! ಹೆಡ್‌ಮಾಸ್ತರರು ಜೂನ್ 1 ಎಂದು ಬರೆದುಬಿಟ್ಟ ತಲೆಮಾರಿನ ಮಕ್ಕಳು ನಾವು, ಇದನ್ನು ನಮಗೆ ಯಾರೂ ವಿವರಿಸಬೇಕಿಲ್ಲ.

ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಕಾಡಿದ್ದು. ‘ನಿಮ್ಮನ್ನು ನಿರಾಶ್ರಿತರೆಂದು ಒಪ್ಪಿದ್ದೇವೆ’ ಎಂಬ ಪತ್ರ ಬಂದ ದಿನ ಎಲ್ಲರ ಕಣ್ಣಲ್ಲೂ ನೀರು. ಅದರ ಬೆನ್ನಿಗೇ ಸರ್ಕಾರ ಕೊಟ್ಟಿದ್ದ ಮನೆ ಬಿಡುವ ನೋಟಿಸ್. ನಾನಿದ್ದಾಗ 28 ದಿನದಲ್ಲಿ ಮನೆಯೂ ವಾರದ ದುಡ್ಡೂ ನಿಲ್ಲುತ್ತಿತ್ತು. ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿನ ಮೊದಲ ಕಂತು ಕೈಗೆ ಬರಲು ಅರ್ಜಿ ಹಾಕಿದ ಮೇಲೆ ಸುಮಾರು ಐದು ವಾರ. ಗೆದ್ದವರು ಬೀದಿಗೆ ಬೀಳುತ್ತಿದ್ದುದು ಹೀಗೆ. 2024ರ ಡಿಸೆಂಬರಿನಲ್ಲಿ ಪ್ರಾಯೋಗಿಕವಾಗಿ ಅದನ್ನು 56 ದಿನಕ್ಕೆ ಏರಿಸಿದರು, ದತ್ತಿ ಸಂಸ್ಥೆಗಳು ಬಹಳ ಕಾಲದಿಂದ ಕೇಳುತ್ತಿದ್ದುದು ಅದನ್ನೇ. ಈ ವಾರಗಳಲ್ಲಿ ಬೇಕಾದವರು ಹಿಂದಿನ ಫೈಲ್ ಬಲ್ಲವರು: ಯಾರಿಗೆ ಬ್ಯಾಂಕ್ ಖಾತೆ ಇಲ್ಲ, ಯಾರ ಮಗುವಿಗೆ ಆಸ್ತಮಾ ಇದೆ, ಯಾರಿಗೆ ಯಾವ ಭಾಷೆಯ ದುಭಾಷಿ ಬೇಕು ಎಂಬುದು ಗೊತ್ತಿರುವವರು. ನೋಟಿಸ್ ಬಂದ ವಾರವೇ ಇಂಟರ್ನ್ ಬದಲಾದರೆ ಆ ಮನೆಯವರ ಗತಿಯೇನು?

ಸಂಬಳವಿಲ್ಲದೆ ವರ್ಷಪೂರ್ತಿ ದುಡಿಯುವುದು ಸಾಲ ಮಾಡಿ ಹೋದ ಮಕ್ಕಳಿಗೆ ಕಷ್ಟ, ಒಪ್ಪುತ್ತೇನೆ. ವಾರಕ್ಕೆ ಒಂದೇ ಮಧ್ಯಾಹ್ನ ಹೋಗಿ, ಆದರೆ ತಪ್ಪಿಸದೆ ಹೋಗಿ. ಬಸ್ ಚಾರ್ಜು, ಊಟದ ಖರ್ಚನ್ನು ಸಂಕೋಚವಿಲ್ಲದೆ ಕೇಳಿ. ಸಂಬಳವಿಲ್ಲದ ಕೆಲಸವೂ ಕೆಲವೊಮ್ಮೆ ಆ 20 ಗಂಟೆಯ ಲೆಕ್ಕಕ್ಕೇ ಸೇರುತ್ತದೆ, ವಿಶ್ವವಿದ್ಯಾಲಯದ ವೀಸಾ ವಿಭಾಗದಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಸಂಸ್ಥೆಯವರು ನಿಮ್ಮನ್ನು ಸಂದರ್ಶಿಸುವಾಗ ನೀವೂ ಒಂದು ಪ್ರಶ್ನೆ ಕೇಳಿ: ಇಲ್ಲಿಗೆ ಬರುವ ಕುಟುಂಬಗಳ ಫೈಲುಗಳನ್ನು ನನಗಿಂತ ಮೊದಲು ನೋಡುತ್ತಿದ್ದವರು ಯಾರು, ನಾನು ಹೋದ ಮೇಲೆ ಯಾರು ನೋಡುತ್ತಾರೆ? ಅವರ ಬಳಿ ಉತ್ತರವಿಲ್ಲದಿದ್ದರೆ ಬೇರೆ ಸಂಸ್ಥೆ ಹುಡುಕಿ.