ಸೀಮೆ ದಾಟುವ ಮುನ್ನ

ಸೊಲ್ಲಾಪುರದಿಂದ ಗದಗಿನತ್ತ ಬರುವ ರೈಲುದಾರಿಯಲ್ಲಿ ಇಂಡಿ ರೋಡ್ ಎಂಬುದೊಂದು ನಿಲ್ದಾಣ. ವಿಜಯಪುರವನ್ನು ದಾಟಿದ ಮೇಲೆ ಬಸವನ ಬಾಗೇವಾಡಿ ರೋಡ್ ಎಂಬುದು ಇನ್ನೊಂದು. ಹೆಸರನ್ನು ನಂಬಿ ಇಳಿದ ಹೊಸಬನಿಗೆ ಅಲ್ಲಿ ಇಂಡಿಯೂ ಕಾಣದು, ಬಾಗೇವಾಡಿಯೂ ಕಾಣದು. ‘ರೋಡ್’ ಎಂಬ ಬಾಲವಿದ್ದರೆ ಊರು ಇನ್ನೂ ದೂರವಿದೆಯೆಂದು ತಿಳಿಯಬೇಕು. ಸಿಂದಗಿ, ಮುದ್ದೇಬಿಹಾಳಗಳವರಿಗೆ ಈ ತೊಡಕಿಲ್ಲ. ಅವರಿಗೆ ರೈಲೇ ಇಲ್ಲ. ಮೊದಲ ಸಲ ಪರದೇಶಕ್ಕೆ ಹೊರಟವರ ಕೈಯಲ್ಲಿರುವ ವೀಸಾ ಕೂಡ ಎಷ್ಟೋ ವೇಳೆ ಇಂಥ ನಿಲ್ದಾಣದಂತೆಯೇ. ಅದರ ಮೇಲೆ ದೇಶದ ಹೆಸರೇನೋ ಇರುತ್ತದೆ. ನೌಕರಿಯವರೆಗೆ ಮಾತ್ರ ಅದು ಮುಟ್ಟಿಸುವುದಿಲ್ಲ.

ಪರಸ್ಥಳಕ್ಕೆ ಹೋಗಿ ದುಡಿಯುವುದು ಈ ನಾಲ್ಕು ತಾಲ್ಲೂಕುಗಳಿಗೆ ಹೊಸದೇನೂ ಅಲ್ಲ. ಮಳೆ ಮುನಿದ ವರ್ಷ ಗೋವೆಗೆ, ಪುಣೆಗೆ, ಮುಂಬಯಿಗೆ ಗುಳೆ ಹೋಗುವುದು ಇಲ್ಲಿನ ಬದುಕಿನ ಒಂದು ಭಾಗವೇ ಆಗಿದೆ. ಗುಳೆಯವರನ್ನು ಕರೆದೊಯ್ಯುವ ಮುಕಾದಮನೇನೂ ಸತ್ಯಹರಿಶ್ಚಂದ್ರನಲ್ಲ. ಆದರೆ ಅವನ ಮನೆ ಯಾವ ಓಣಿಯಲ್ಲಿದೆಯೆಂಬುದು ಎಲ್ಲರಿಗೂ ಗೊತ್ತು. ಊರ ಜಾತ್ರೆಗೆ ಅವನು ಬರಲೇಬೇಕು, ಮಗಳ ಲಗ್ನವನ್ನು ಅಲ್ಲಿಯೇ ಮಾಡಬೇಕು. ಕೂಲಿ ಮುರಿದುಕೊಂಡನೆಂದರೆ ನಾಲ್ವರು ಹೆಂಗಸರು ಹೋಗಿ ಅವನ ಕಟ್ಟೆಯ ಮೇಲೆ ಕುಳಿತಾರು. ಗುಳೆಯವರಿಗಿದ್ದ ರಕ್ಷಣೆಯೆಲ್ಲ ಈ ಮುಖಪರಿಚಯದಿಂದ ಬಂದದ್ದು.

ವಿದೇಶದ ನೌಕರಿ ಕೊಡಿಸುವ ಏಜೆಂಟನನ್ನೂ ನಮ್ಮ ಜನ ಮುಕಾದಮನೆಂದೇ ಎಣಿಸುವುದರಿಂದ ಅನರ್ಥವು ಮೊದಲಾಗುತ್ತದೆ. ಮಗನನ್ನು ಕೊಲ್ಲಿ ದೇಶಕ್ಕೆ ಕಳಿಸಲು ಸಿದ್ಧರಾಗಿದ್ದ ಹಿರಿಯರೊಬ್ಬರೊಡನೆ ಮಾತನಾಡುವ ಪ್ರಸಂಗ ಈಚೆಗೆ ಬಂದಿತ್ತು.

“ಕಾಗದಪತ್ರ ನೋಡಿದಿರಾ, ಕಾಕಾ?” ಎಂದೆ.

“ಏಜೆಂಟ ನಮ್ಮ ಬೀಗರ ಪೈಕಿನೇ ಅದಾನ್ರೀ ಸರ. ಕಾಗದಾ ಎಲ್ಲಾ ಅವನ ಕಡೇನೇ ಅದಾವ.”

“ಕಂಪನಿಯ ಹೆಸರೇನು?”

“ಅದು ಅರಬಿಯೊಳಗ ಐತ್ರಿ.”

ಅವರ ಧ್ವನಿಯಲ್ಲಿ ಲವಲೇಶವೂ ಅಳುಕಿರಲಿಲ್ಲ. ಬೀಗರ ಪೈಕಿಯವನು ಎಂಬ ಒಂದು ಮಾತು ಅವರಿಗೆ ಸಾಕಾಗಿತ್ತು.

ಸಾಲದೆಂಬುದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಿಲ್ಲ. ಭೀಮಾನದಿಯ ಆಚೆ ದಡದ ಕಲಬುರಗಿ ಜಿಲ್ಲೆಯ ಕೆಲವು ತರುಣರು 2023ರ ಕೊನೆಯಲ್ಲಿ ರಷ್ಯಾಕ್ಕೆ ಹೋದರು. ಕಾವಲಿನ ಕೆಲಸ, ಸಹಾಯಕನ ಕೆಲಸ ಎಂದು ಅವರಿಗೆ ಹೇಳಲಾಗಿತ್ತು. ಆಮಿಷ ಬಂದದ್ದು ಯೂಟ್ಯೂಬಿನ ಮೂಲಕ. ಅಲ್ಲಿ ತಮಗೆ ತಿಳಿಯದ ಭಾಷೆಯ ಕರಾರಿಗೆ ರುಜು ಹಾಕಿದರು. ಆಮೇಲೆ ಅವರ ಕೈಗೆ ಬಂದದ್ದು ಬಂದೂಕು, ಹೋದದ್ದು ಯುಕ್ರೇನಿನ ಯುದ್ಧರಂಗಕ್ಕೆ. ಹೀಗೆಯೇ ಹೋಗಿದ್ದ ಸೂರತ್ತಿನ ಒಬ್ಬ ಹುಡುಗ, ಹೈದರಾಬಾದಿನ ಇನ್ನೊಬ್ಬ ಅಲ್ಲಿಯೇ ಮಡಿದರು. 2024ರ ಮಾರ್ಚಿನಲ್ಲಿ ಸಿಬಿಐ ಮೊಕದ್ದಮೆ ಹೂಡಿತು. ಜುಲೈಯಲ್ಲಿ ಪ್ರಧಾನಿಗಳು ಮಾಸ್ಕೋದಲ್ಲಿ ಈ ಮಾತೆತ್ತಿದರು. ಕಲಬುರಗಿಯ ಹುಡುಗರು ಮನೆ ಸೇರಿದ್ದು ಸೆಪ್ಟೆಂಬರಿನಲ್ಲಿ. ಆ ತಾಯಂದಿರು ಅಷ್ಟು ತಿಂಗಳನ್ನು ಹೇಗೆ ಕಳೆದಿರಬೇಕು!

ಕಾಯಿದೆ ಇಲ್ಲವೆ ಎಂದು ವಾಚಕರು ಕೇಳಬಹುದು. ಇದೆ. 1983ರ ವಲಸೆ ಕಾಯಿದೆಯಂತೆ ಏಜೆಂಟನು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿ ಪರವಾನಗಿ ಪಡೆದಿರಬೇಕು. ಅವನ ಹೆಸರನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ತೆರಿಗೆ ಬಿಟ್ಟು 30 ಸಾವಿರ ರೂಪಾಯಿಗಿಂತ ಹೆಚ್ಚಿನ ಸೇವಾಶುಲ್ಕವನ್ನು ಅವನು ಕೇಳುವಂತಿಲ್ಲ. ತಾಲ್ಲೂಕಿನ ಊರಿನಲ್ಲಿ ಚಹದಂಗಡಿಯ ಮುಂದೆ ಸಿಗುವ ಉಪ ಏಜೆಂಟನಿಗಾದರೋ ಕಾಯಿದೆಯಲ್ಲಿ ಸ್ಥಾನವೇ ಇಲ್ಲ. ಹತ್ತನೆಯ ತರಗತಿ ಪಾಸಾಗದವರು ಗೊತ್ತುಪಡಿಸಿದ ಕೆಲವು ದೇಶಗಳಿಗೆ, ಮುಖ್ಯವಾಗಿ ಕೊಲ್ಲಿ ದೇಶಗಳಿಗೆ, ದುಡಿಯಲು ಹೋಗುವ ಮುನ್ನ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆಗ ಕರಾರಿನ ತಪಾಸಣೆಯಾಗುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತಿನ ಪ್ರವಾಸಿ ಭಾರತೀಯ ವಿಮೆಯೂ ಆಗುತ್ತದೆ. ಅಪಘಾತದಲ್ಲಿ ಜೀವ ಹೋದರೆ 10 ಲಕ್ಷ.

ಇಷ್ಟನ್ನೂ ತಪ್ಪಿಸಲು ಏಜೆಂಟನು ಕಂಡುಕೊಂಡ ಉಪಾಯ ಬಹು ಸರಳ: ‘ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಡುತ್ತೇನೆ.’ ನೋಡಲು ಹೋಗುವವನಿಗೆ ಆ ಅನುಮತಿ ಬೇಕಿಲ್ಲವಷ್ಟೆ! ವಿಮಾನ ಇಳಿದ ಕ್ಷಣದಿಂದ ಆ ದೇಶದ ಕಣ್ಣಿಗೆ ಅವನು ಪ್ರವಾಸಿ. ಕೆಲಸ ಮಾಡಿದರೆ ಅಪರಾಧಿ. ಸಂಬಳ ಬಾರದಿದ್ದರೆ ದೂರಲು ಅವನ ಕೈಯಲ್ಲಿ ಕರಾರೇ ಇಲ್ಲ. ಬ್ಯಾಂಕಾಕಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿ ಹೋದ ವಿದ್ಯಾವಂತರು ಗಡಿಯಾಚೆ ಮ್ಯಾನ್ಮಾರಿನ ಮ್ಯಾವಡ್ಡಿಯಲ್ಲಿ ಸೆರೆಯಾಗಿ, ಮೋಸದ ಫೋನು ಮಾಡುವ ದಾಸ್ಯಕ್ಕೆ ಬಿದ್ದದ್ದೂ ಇದೇ ಬಾಗಿಲಿನಿಂದ.

ಇದೆಲ್ಲ ಕೂಲಿಯವರ ಮಾತು, ನಮ್ಮ ಮಕ್ಕಳು ಓದಲು ಹೋಗುವವರು ಎಂದು ನಿಶ್ಚಿಂತರಾಗಿರುವ ಪಟ್ಟಣದ ಮನೆಗಳೂ ಉಂಟು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರ ಕೊಳ್ಳಲೆಂದು ಹೊರಗೆ ಬಂದಿದ್ದಾಗ ಶೆಲ್ ದಾಳಿಗೆ ಬಲಿಯಾದವನು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ. ಅದಕ್ಕೆ ಎರಡು ವಾರ ಮೊದಲೇ, ಫೆಬ್ರವರಿ 15ರಂದು, ಅಗತ್ಯವಿಲ್ಲದವರು ದೇಶ ಬಿಡುವುದು ಲೇಸೆಂದು ಭಾರತೀಯ ರಾಯಭಾರ ಕಚೇರಿ ಸೂಚಿಸಿತ್ತು. ಆದರೆ ತರಗತಿಗಳು ನಡೆಯುತ್ತಲೇ ಇದ್ದವು. ಹಾಜರಿ ತಪ್ಪೀತೆಂದು ಎಷ್ಟೋ ಮಕ್ಕಳು ಅಲ್ಲಿಯೇ ಉಳಿದರು. ಆ ಮಕ್ಕಳನ್ನು ದೂಷಿಸಲು ನನ್ನ ನಾಲಗೆ ಏಳದು. ಹಾಜರಿಪಟ್ಟಿಗೆ ಅಂಜುವುದನ್ನು ಅವರಿಗೆ ಕಲಿಸಿದವರು ನಾವೇ, ಅಧ್ಯಾಪಕರು. ಇಂಥ ಸಮಯದಲ್ಲಿ ‘ಬಂದುಬಿಡು’ ಎನ್ನುವ ಮಾತು ಮನೆಯಿಂದಲೇ ಹೋಗಬೇಕಾಗುತ್ತದೆ. ಮಕ್ಕಳು ಹೋದ ದೇಶದ ರಾಯಭಾರ ಕಚೇರಿ ಏನು ಹೇಳುತ್ತಿದೆಯೆಂಬುದನ್ನು ತಂದೆತಾಯಿಗಳೂ ಗಮನಿಸುತ್ತಿರಬೇಕಾದದ್ದು ಅದಕ್ಕಾಗಿಯೇ.

ಇನ್ನು ಗಂಟುಮೂಟೆಯ ವಿಷಯ. ನಮ್ಮ ತಾಯಂದಿರು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಲಿ, ಬಾಧಕವಿಲ್ಲ. ಗಸಗಸೆ ಮಾತ್ರ ಬೇಡ. ನಮಗೆ ಪಾಯಸದ ಸಾಮಗ್ರಿಯಾದ ಆ ಕಾಳು ದುಬೈಯಲ್ಲಿ, ಸೌದಿಯಲ್ಲಿ ಅಫೀಮಿನ ಸಂತಾನವೆಂದು ನಿಷಿದ್ಧ, ಸಿಕ್ಕಿಬಿದ್ದರೆ ಸೆರೆಮನೆ. ಕರದಂಟಿನಲ್ಲಿ, ಮಸಾಲೆ ಪುಡಿಯಲ್ಲಿ ಕೆಲವರು ಅದನ್ನು ಬೆರೆಸುವುದುಂಟು, ಕೇಳಿ ನೋಡಿಯೇ ಕಟ್ಟಬೇಕು. ನೋವಿನ ಗುಳಿಗೆ, ಕೆಮ್ಮಿನ ಔಷಧಗಳಲ್ಲಿಯೂ ಅಲ್ಲಿ ನಿಷಿದ್ಧವಾದವು ಇವೆ. ವೈದ್ಯರ ಚೀಟಿ ಜೊತೆಗಿರಬೇಕು, ಕೆಲವಕ್ಕೆ ಆ ಸರ್ಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ವಿಮಾನ ನಿಲ್ದಾಣದಲ್ಲಿ ಏಜೆಂಟನು ‘ಅಲ್ಲಿ ನಮ್ಮ ತಮ್ಮನಿಗೆ ಕೊಡು’ ಎಂದು ಕೊಡುವ ಪೊಟ್ಟಣವನ್ನಂತೂ, ಅವನು ಬೀಗನೇ ಆಗಿರಲಿ, ಮುಟ್ಟಕೂಡದು.

ಕೊಲ್ಲಿ ದೇಶಗಳಲ್ಲಿ ಕೆಲಸಗಾರನ ಪಾಸ್‌ಪೋರ್ಟನ್ನು ಧಣಿ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೇ ವಿರುದ್ಧ, ಆದರೂ ಇಟ್ಟುಕೊಳ್ಳುತ್ತಾರೆ. ಮಗನಿಂದ ಸುದ್ದಿ ನಿಂತು, ಮನೆಯವರು ಗಾಬರಿಯಾಗಿ ವಿದೇಶಾಂಗ ಇಲಾಖೆಯ ‘ಮದದ್’ ಜಾಲತಾಣದಲ್ಲಿ ದೂರು ಬರೆಯಲು ಕುಳಿತರೆ, ಬೇಕಾಗುವುದು ಪಾಸ್‌ಪೋರ್ಟಿನ ಸಂಖ್ಯೆ, ಧಣಿಯ ಹೆಸರು, ವಿಳಾಸ. ಆದಕಾರಣ ಪಾಸ್‌ಪೋರ್ಟು, ವೀಸಾ, ಕರಾರು, ಏಜೆಂಟನಿಗೆ ಹಣ ಕೊಟ್ಟ ರಸೀದಿ, ಇವುಗಳ ಒಂದೊಂದು ಪ್ರತಿಯನ್ನು ಮಗ ಹೊಸ್ತಿಲು ದಾಟುವ ಮುನ್ನ ತೆಗೆಸಿ ಮನೆಯ ಟ್ರಂಕಿನಲ್ಲಿಡಬೇಕು. ಟ್ರಂಕಿನ ಬೀಗದ ಕೈ ತಾಯಿಯ ಬಳಿ ಇದ್ದರೆ ಇನ್ನೂ ಒಳ್ಳೆಯದು.