ನಿಮಗ ತಿಳಿಯಂಗಿಲ್ಲ ಬಿಡ್ರಿ

ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಯಲ್ಲಿ ನಾನು ನಿಂತದ್ದು ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಅಂಗಡಿಯವ ನನ್ನ ಮುಖ ನೋಡಿದ್ದು ಒಂದೇ ಸಲ. ಲ್ಯಾಪ್‌ಟಾಪ್ ನನ್ನದು. ಚೀಲದಿಂದ ತೆಗೆದು ಅವನ ಮುಂದಿಟ್ಟವಳು ನಾನು. ಏನಾಗಿದೆ, ಯಾವಾಗಿನಿಂದ ಆಗಿದೆ ಎಂದು ಹೇಳಿದವಳೂ ನಾನೇ. ಆದರೆ ಅವನು ಉತ್ತರ ಕೊಡುತ್ತಿದ್ದದ್ದು ನನ್ನ ಪಕ್ಕದಲ್ಲಿ ನಿಂತಿದ್ದ ತಂಗಿಯ ಮಗನಿಗೆ. ಹತ್ತೊಂಬತ್ತು ವರ್ಷದ ಆ ಹುಡುಗ ಧಾರವಾಡದಿಂದ ನನ್ನನ್ನು ಸ್ಕೂಟರಿನ ಮೇಲೆ ಕೂಡಿಸಿಕೊಂಡು ಬಂದಿದ್ದ, ಅಷ್ಟೆ. ಮನೆಯಲ್ಲಿ ಫ್ಯೂಸು ಹೋದರೆ ಮೊದಲು ನನ್ನನ್ನೇ ಕೂಗುವ ಹುಡುಗ ಅವನು.

“ಬೋರ್ಡ್ ಹೋಗೇತಿ. ಇದರಾಗ ಏನೂ ಉಳದಿಲ್ಲ. ಹೊಸಾದು ತಗೋ ಅಂತ ಹೇಳು” ಎಂದ ಅವನಿಗೆ.

“ಬೋರ್ಡ್ ಹೋದರ ಹಾರ್ಡ್ ಡಿಸ್ಕ್ ಯಾಕ ಹೋಗಬೇಕು?” ಎಂದೆ ನಾನು.

ಆಗಲೇ ಅವನು ನನ್ನನ್ನು ನೋಡಿದ್ದು. ನಕ್ಕ. “ಅದು ನಿಮಗ ತಿಳಿಯಂಗಿಲ್ಲ ಬಿಡ್ರಿ ಆಂಟಿ” ಎಂದ.

ಆ ಲ್ಯಾಪ್‌ಟಾಪಿನಲ್ಲಿ ಏನಿತ್ತು ಎಂಬುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅತಿಯಾಯಿತು ಅನ್ನಿಸಬಹುದು. ಅದರಲ್ಲಿ ನನ್ನ ಅವ್ವನ ದನಿ ಇತ್ತು. 2013ರ ಬೇಸಿಗೆಯಲ್ಲಿ ಅವಳನ್ನು ಎದುರಿಗೆ ಕೂಡಿಸಿಕೊಂಡು ಬೀಸುವ ಪದ, ಕುಟ್ಟುವ ಪದ ಅಂತ ಇಪ್ಪತ್ಮೂರು ಹಾಡುಗಳನ್ನು ಹಿಡಿದಿಟ್ಟಿದ್ದೆ. 2016ರಲ್ಲಿ ಅವ್ವ ಹೋದಳು. ಬೇರೆ ಕಡೆ ಅದರ ಪ್ರತಿ ಇರಲಿಲ್ಲ. ಅದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ “ಏನೂ ಉಳದಿಲ್ಲ” ಎಂದು ಅಷ್ಟು ಸಲೀಸಾಗಿ ಹೇಳಿದ್ದು ಯಾರ ತಪ್ಪು?

ನನಗೆ ತಿಳಿಯುವುದಿಲ್ಲ ಎಂದು ಅವನಿಗೆ ಹೇಗೆ ತಿಳಿಯಿತು? ಬಿಳಿಗೂದಲು, ಕಾಟನ್ ಸೀರೆ, ಕೈಯಲ್ಲಿ ಕಾಯಿಪಲ್ಲೆ ಚೀಲದಂಥ ಚೀಲ. ಇಷ್ಟು ಸಾಕಾಯಿತು. ನಾನು 1981ರಲ್ಲಿ ದೂರವಾಣಿ ಇಲಾಖೆಗೆ ಆಪರೇಟರ್ ಆಗಿ ಸೇರಿದವಳು. ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಪ್ಲಗ್ಗು ಹಿಡಿದು ಊರಿಗೂ ಊರಿಗೂ ಮಾತು ಜೋಡಿಸಿದವಳು. 1986ರಲ್ಲಿ ನಮ್ಮ ಪಕ್ಕದ ಕಿತ್ತೂರಿಗೆ ಸಿ-ಡಾಟ್‌ನವರ ಗ್ರಾಮೀಣ ಎಕ್ಸ್‌ಚೇಂಜ್ ಬಂತು. ದೇಶದಲ್ಲಿ ಅಂಥದ್ದು ಮೊದಲನೆಯದು. ನಮ್ಮಲ್ಲಿಯೇ ತಯಾರಾದ, ನಮ್ಮ ಸೆಕೆ ಮತ್ತು ಧೂಳನ್ನು ಏರ್ ಕಂಡೀಷನ್ ಇಲ್ಲದೆ ತಡೆದುಕೊಳ್ಳುವ ಯಂತ್ರ. ಅದನ್ನು ನೋಡಲು ರಜೆ ಹಾಕಿ ಬಸ್ಸು ಹತ್ತಿ ಹೋಗಿದ್ದೆ. ಚೆನ್ನಮ್ಮನ ಕೋಟೆ ನೋಡಲು ಹೋಗಿದ್ದೇನೆಂದು ಮನೆಯಲ್ಲಿ ತಿಳಿದಿದ್ದರು. ನಮ್ಮ ಕೆಲಸವನ್ನು ನುಂಗಲು ಬಂದ ಯಂತ್ರ ಅದು ಎಂಬುದು ಗೊತ್ತಿತ್ತು. ಆದರೂ ಎಷ್ಟು ಚೆಂದ ಇದೆಯಲ್ಲ ಎನ್ನಿಸಿತು. ಈ ಹುಚ್ಚು ನನಗೆ ಹುಟ್ಟಿನಿಂದಲೇ ಬಂದದ್ದು.

ಹೆಣ್ಣಿಗೂ ಯಂತ್ರಕ್ಕೂ ಆಗಿಬರುವುದಿಲ್ಲ ಎಂಬ ಮಾತು ಎಷ್ಟು ಹಳೆಯದು ಎಂದು ಹುಡುಕಿದರೆ, ನೋಡಿ, ಅದು ಅಷ್ಟೇನೂ ಹಳೆಯದಲ್ಲ. ಇಂಗ್ಲಿಷಿನಲ್ಲಿ ‘ಕಂಪ್ಯೂಟರ್’ ಎಂಬುದು ಯಂತ್ರದ ಹೆಸರಾಗುವ ಮೊದಲು ಲೆಕ್ಕ ಮಾಡುವ ಮನುಷ್ಯರ ಉದ್ಯೋಗದ ಹೆಸರಾಗಿತ್ತು. ಆ ಕೆಲಸದಲ್ಲಿ ಹೆಂಗಸರು ಬಹಳ ಇದ್ದರು. 1946ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ‘ಎನಿಯಾಕ್’ ಎಂಬ ಕೋಣೆ ತುಂಬುವ ಗಾತ್ರದ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದರಲ್ಲ, ಅದಕ್ಕೆ ಪಾಠ ಹೇಳಿ ಲೆಕ್ಕ ಮಾಡಿಸಿದವರು ಆರು ಮಂದಿ ಯುವತಿಯರು. ಕೈಯಿಂದ ವೈರು ಜೋಡಿಸಿ, ಸ್ವಿಚ್ಚು ತಿರುಗಿಸಿ ಮಾಡಿದ ಕೆಲಸ, ಹೆಚ್ಚು ಕಡಿಮೆ ನಮ್ಮ ಟ್ರಂಕ್ ಬೋರ್ಡಿನ ಹಾಗೆ. ಎಷ್ಟೋ ವರ್ಷಗಳ ನಂತರ, 1980ರ ದಶಕದಲ್ಲಿ, ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಫೋಟೋ ನೋಡಿ, ಯಂತ್ರದ ಪಕ್ಕ ನಿಂತ ಈ ಹೆಂಗಸರು ಯಾರು ಎಂದು ಕೇಳಿದಳು. ಅವರು ಫ್ರಿಜ್ಜಿನ ಜಾಹೀರಾತಿನಲ್ಲಿ ನಿಲ್ಲುತ್ತಾರಲ್ಲ, ಅಂಥ ಚೆಲುವೆಯರು, ಯಂತ್ರ ಚೆನ್ನಾಗಿ ಕಾಣಲೆಂದು ನಿಲ್ಲಿಸಿದವರು ಎಂಬ ಉತ್ತರ ಬಂತು. ಯಂತ್ರವನ್ನು ನಡೆಸಿದವರೇ ಯಂತ್ರದ ಅಲಂಕಾರವಾಗಿಬಿಟ್ಟರು! ಹುಬ್ಬಳ್ಳಿಯ ಅಂಗಡಿಯವನನ್ನು ಒಬ್ಬನನ್ನೇ ಬೈದು ಏನು ಮಾಡಲಿ.

ಮನೆಗೆ ಬಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಹುಡುಕಿದೆ. ಲ್ಯಾಪ್‌ಟಾಪನ್ನು ಬೋರಲು ಹಾಕಿ, ಬ್ಯಾಟರಿ ಕಳಚಿಟ್ಟು, ಹಿಂದಿನ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿದೆ. ಒಳಗೆ ಹಾರ್ಡ್ ಡಿಸ್ಕು ಬೆಲ್ಲದ ಅಚ್ಚಿನ ಹಾಗೆ ಕೂತಿತ್ತು. ಬದಿಗೆ ಎಳೆದರೆ ಕೈಗೇ ಬಂತು. ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸುವ ಒಂದು ವೈರು ಸಿಗುತ್ತದೆ, ಒಂದು ತುದಿ ಡಿಸ್ಕಿಗೆ, ಇನ್ನೊಂದು ತುದಿ ಯುಎಸ್‌ಬಿಗೆ. ಐನೂರು ರೂಪಾಯಿಯೊಳಗೇ ಬಂತು. ತಂಗಿಯ ಮಗಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಇಪ್ಪತ್ಮೂರಕ್ಕೆ ಇಪ್ಪತ್ಮೂರೂ ಇದ್ದವು. ಕೆಟ್ಟದ್ದು ಬೋರ್ಡು, ನೆನಪಿಟ್ಟುಕೊಂಡದ್ದು ಡಿಸ್ಕು. ಒಲೆ ಕೆಟ್ಟರೆ ಡಬ್ಬಿಯಲ್ಲಿಯ ಬೇಳೆ ಕೆಡುತ್ತದೆಯೇ? ಇಷ್ಟು ಸಣ್ಣ ಮಾತು ನನಗೆ ತಿಳಿಯುವುದಿಲ್ಲವಂತೆ.

ಒಂದು ವಿಷಯ ಮಾತ್ರ ಹೇಳಬೇಕು. ಇದು ಸಾಧ್ಯವಾದದ್ದು ಅದು 2011ರ ದಪ್ಪ ಲ್ಯಾಪ್‌ಟಾಪ್ ಆದದ್ದರಿಂದ. ಈಗಿನ ತೆಳ್ಳನೆಯವುಗಳಲ್ಲಿ ಎಷ್ಟೋ ಮಾದರಿಗಳಲ್ಲಿ ಬ್ಯಾಟರಿಯನ್ನು ಅಂಟು ಹಾಕಿ ಕೂಡಿಸಿರುತ್ತಾರೆ. ಮೆಮರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಸ್ಕ್ರೂಗಳೂ ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗದಂಥವು. ತೆಳ್ಳಗಿರಲಿ, ತೆಳ್ಳಗಿರಲಿ ಎಂದು ಹೆಣ್ಣುಮಕ್ಕಳಿಗೆ ಹೇಳಿ ಹೇಳಿ ಸಾಲದೆ ಈಗ ಯಂತ್ರಗಳಿಗೂ ಅದೇ ರೋಗ ಅಂಟಿಸಿದ್ದಾರೆ! ನನ್ನ ಹೊಲಿಗೆ ಯಂತ್ರವನ್ನೇ ನೋಡಿ. ಡ್ರಾವರಿನಲ್ಲಿ ಎಣ್ಣೆಯ ಕುಪ್ಪಿ, ಸ್ಕ್ರೂಡ್ರೈವರ್, ಯಾವ ರಂಧ್ರಕ್ಕೆ ಎಷ್ಟು ಹನಿ ಎಂದು ಚಿತ್ರ ಬರೆದ ಪುಸ್ತಕ. ನೀನು ಇದನ್ನು ಬಿಚ್ಚುತ್ತೀ, ಬಿಚ್ಚಲೇಬೇಕು ಎಂದು ನಂಬಿ ಕೊಟ್ಟ ಯಂತ್ರ ಅದು. ಹೊಸ ಲ್ಯಾಪ್‌ಟಾಪ್ ಕೊಡುವವನು ನೀನು ಇದನ್ನು ಮುಟ್ಟಬೇಡ ಎಂದು ಕೊಡುತ್ತಾನೆ. ಮುಚ್ಚಿದ ಯಂತ್ರ ನಮ್ಮದಲ್ಲ, ಬಾಡಿಗೆಯದು. ಯುರೋಪಿನವರು 2023ರಲ್ಲಿ ಕಾನೂನು ಮಾಡಿ, 2027ರ ಫೆಬ್ರವರಿಯಿಂದ ಇಂಥ ಬ್ಯಾಟರಿಗಳನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು ಎಂದಿದ್ದಾರೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿಯ ಹಕ್ಕಿಗೆಂದು ಒಂದು ಸಮಿತಿ ಮಾಡಿತು. ಆ ಬಗ್ಗೆ ಟಿ.ವಿ.ಯಲ್ಲಿ ಗಂಟಲು ಹರಿದುಕೊಂಡವರನ್ನು ನಾನಂತೂ ಕಾಣಲಿಲ್ಲ.

ಹೊತ್ತೊಯ್ಯುವ ಕಂಪ್ಯೂಟರಿನ ಚರಿತ್ರೆಯಲ್ಲಿ ನನಗೆ ಪ್ರಿಯವಾದದ್ದು 1981ರ ‘ಆಸ್ಬಾರ್ನ್ 1’. ತೂಕ ಹನ್ನೊಂದು ಕಿಲೋ! ಪರದೆ ಬರೀ 5 ಇಂಚು. ಬೆಲೆ 1795 ಡಾಲರ್. ಹೊಲಿಗೆ ಯಂತ್ರದ ಪೆಟ್ಟಿಗೆಯ ಹಾಗೆ ಹಿಡಿಕೆ ಹಿಡಿದು ಎತ್ತಬೇಕು. ಅದನ್ನು ಮಾಡಿಸಿದ ಆಡಂ ಆಸ್ಬಾರ್ನ್ ಬೆಳೆದದ್ದು ಎಲ್ಲಿ ಗೊತ್ತೆ? ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಅವರ ತಂದೆ ರಮಣ ಮಹರ್ಷಿಗಳ ಭಕ್ತರು. ಎರಡೇ ವರ್ಷಕ್ಕೆ ಅವರ ಕಂಪನಿ ದಿವಾಳಿ ಎದ್ದಿತು. 2003ರಲ್ಲಿ ಆಸ್ಬಾರ್ನ್ ತೀರಿಕೊಂಡದ್ದು ಕೊಡೈಕನಾಲಿನಲ್ಲಿ. ಅರುಣಾಚಲದ ಬುಡದಲ್ಲಿ ಆಡಿದ ಹುಡುಗ ಇಂಥದ್ದೊಂದು ಪೆಟ್ಟಿಗೆ ಮಾಡಿದನಲ್ಲ ಎಂದು ನನಗೆ ಸುಮ್ಮನೆ ಖುಷಿ. ಇದಕ್ಕೂ ನನ್ನ ವಾದಕ್ಕೂ ಸಂಬಂಧವಿಲ್ಲ.

ಇನ್ನು ಅಡುಗೆಮನೆಗೆ ಬನ್ನಿ. ಮಿಕ್ಸಿ, ಗ್ರೈಂಡರ್, ಕುಕ್ಕರ್, ವಾಷಿಂಗ್ ಮಷಿನ್ ಇವನ್ನು ಯಾರಾದರೂ ‘ಗ್ಯಾಜೆಟ್’ ಎಂದು ಕರೆದದ್ದು ಕೇಳಿದ್ದೀರಾ? ಗಂಡಸಿನ ಕಿಸೆಯಲ್ಲಿ ಇರುವುದು ಗ್ಯಾಜೆಟ್, ನಮ್ಮ ಕಟ್ಟೆಯ ಮೇಲಿರುವುದು ಪಾತ್ರೆ ಪಗಡಿ. ಅವನು ಹೊಸ ಫೋನು ಕೊಂಡರೆ ಅಭಿರುಚಿ, ನಾವು ಹೊಸ ಮಿಕ್ಸಿ ಕೇಳಿದರೆ ಖರ್ಚು. ಆದರೆ ಸುಮೀತ್ ಮಿಕ್ಸಿ ಹುಟ್ಟಿದ ಕತೆ ನೋಡಿ. 1960ರ ದಶಕದಲ್ಲಿ ಮಾಥುರ್ ಎಂಬ ಎಂಜಿನಿಯರರ ಮನೆಯಲ್ಲಿ ಹೆಂಡತಿ ಮಾಧುರಿಯವರ ಜರ್ಮನ್ ಮಿಕ್ಸಿ ಕೆಟ್ಟು ನಿಂತಿತು. ನಮ್ಮ ಮಸಾಲೆ, ನಮ್ಮ ನೆನೆಸಿದ ಬೇಳೆ ಅರೆಯಲು ಹುಟ್ಟಿದ ಯಂತ್ರವಲ್ಲ ಅದು. ಅಲ್ಲಿಂದ ಶುರುವಾಯಿತು ನಮ್ಮ ಗಟ್ಟಿ ಮೋಟರಿನ ಮಿಕ್ಸಿ. ಆ ಮಿಕ್ಸಿಯಲ್ಲಿ ಏನು ತಪ್ಪಿದೆ ಎಂದು ಕಂಡು ಹಿಡಿದದ್ದು ಅರೆಯುವ ಕೈ.

ಹಾಗೆಂದು ಯಂತ್ರ ಬಂದು ನಮ್ಮ ಬೆನ್ನು ಹಗುರಾಯಿತು ಎಂದು ಜಾಹೀರಾತಿನ ಮಾತನ್ನೂ ನಾನು ನಂಬುವುದಿಲ್ಲ. ರುತ್ ಶ್ವಾರ್ಟ್ಸ್ ಕೋವನ್ ಎಂಬ ಅಮೆರಿಕದ ಇತಿಹಾಸಕಾರ್ತಿ 1983ರಲ್ಲಿ ಇದರ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದರು. ಯಂತ್ರ ಬಂದ ಮೇಲೆ ಗಂಡಸರು, ಮಕ್ಕಳು, ಕೆಲಸದವರು ಮಾಡುತ್ತಿದ್ದ ಪಾಲು ಹೋಯಿತು, ಅಮ್ಮನ ಪಾಲು ಉಳಿಯಿತು ಎನ್ನುವುದು ಅವರ ವಾದ. ನಮ್ಮಲ್ಲೂ ಹಾಗೇ ಅಲ್ಲವೆ? ವಾಷಿಂಗ್ ಮಷಿನ್ ಬಂದ ಮೇಲೆ ಒಂದು ಸಲ ಹಾಕಿದ ಅಂಗಿಯೂ ಮೈಲಿಗೆ.

ನಾನು ವಿಜ್ಞಾನ ಕಾದಂಬರಿಗಳನ್ನು ಓದುತ್ತೇನೆ ಎಂದರೆ ಗೆಳತಿಯರು ನಗುತ್ತಾರೆ. ಲೈಬ್ರರಿಯಲ್ಲಿ ರಾಜಶೇಖರ ಭೂಸನೂರಮಠರ ಪುಸ್ತಕ ಕೇಳಿದಾಗ, ಮಗನಿಗೇನ್ರಿ ಎಂದು ಕೇಳಿಸಿಕೊಂಡಿದ್ದೇನೆ. ಈ ಪ್ರಕಾರದ ಮೇಲೆ ನನಗೆ ಪ್ರೀತಿಯಷ್ಟೇ ಜಗಳವೂ ಉಂಟು. ಮೂರು ಸಾವಿರನೇ ಇಸವಿಯ ಆಕಾಶನೌಕೆಯಲ್ಲೂ ಕಾಫಿ ತರುವವಳು ಹೆಣ್ಣೇ ಆದರೆ ಅಷ್ಟು ದೂರ ಹೋಗಿ ಏನು ಬಂತು? ಈಗ ಅದು ಕತೆಯಾಗಿಯೂ ಉಳಿದಿಲ್ಲ. ಫೋನಿನಲ್ಲಿ ಕೂಗಿದರೆ ಓಗೊಡುವ ದನಿಗಳನ್ನು ಮೊದಮೊದಲು ಹೆಣ್ಣುದನಿಯಾಗಿಯೇ ಮಾಡಿದರು. ಬೈದರೂ ನಯವಾಗಿ ಉತ್ತರ ಕೊಡುತ್ತಿದ್ದವು. 2019ರಲ್ಲಿ ಯುನೆಸ್ಕೋದವರೇ ಒಂದು ವರದಿಯಲ್ಲಿ ಇದನ್ನು ಎತ್ತಿ ಆಡಿದರು. ನಾನೂ ಎಷ್ಟೋ ವರ್ಷ ‘ನಂಬರ್ ಪ್ಲೀಸ್’ ಎಂದವಳು, ಸಾಹೇಬರ ಬೈಗುಳಕ್ಕೆ ಸಾರಿ ಎಂದವಳು. ಆ ದನಿ ಎಲ್ಲಿಂದ ಬಂತೆಂದು ನನಗೆ ಯಾರೂ ಹೇಳಬೇಕಿಲ್ಲ.

ನೀವು ಒಂದನ್ನೇ ಓದುವುದಾದರೆ ರುಕಿಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಳ ಕನಸು’ ಓದಿ. ಬಂಗಾಳದ, ಪರದೆಯೊಳಗೆ ಬೆಳೆದ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಬರೆದದ್ದು, 1905ರಲ್ಲಿ ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಅಚ್ಚಾದದ್ದು. ಅಲ್ಲಿ ಗಂಡಸರು ಒಳಮನೆಯಲ್ಲಿ, ಹೆಂಗಸರು ಹೊರಗೆ. ವಿದುಷಿಯರು ಬಿಸಿಲನ್ನು ಹಿಡಿದಿಟ್ಟು ಅಡುಗೆ ಮಾಡುತ್ತಾರೆ, ಮೋಡದಿಂದ ನೀರು ಇಳಿಸುತ್ತಾರೆ, ಗಾಳಿಯಲ್ಲಿ ಬಂಡಿ ಓಡಿಸುತ್ತಾರೆ. ಕಚೇರಿ ಕೆಲಸ ದಿನಕ್ಕೆ ಎರಡೇ ತಾಸು, ಏಕೆಂದರೆ ಹೊಗೆಬತ್ತಿ ಸೇದುತ್ತ ಹೊತ್ತು ಕಳೆಯುವವರು ಅಲ್ಲಿಲ್ಲ! ನನಗೆ ಬಹಳ ಹಿಡಿಸಿದ್ದು ಅವಳ ಅಡುಗೆಮನೆ. ಹೊಗೆಯಿಲ್ಲ, ಇದ್ದಿಲಿಲ್ಲ, ಸುತ್ತ ತರಕಾರಿ ತೋಟ. ಮುಂದಿನ ಕಾಲವನ್ನು ಊಹಿಸುವಾಗ ಒಲೆಯಿಂದ ಶುರು ಮಾಡಬೇಕು ಎಂದು ಎಷ್ಟು ಜನರಿಗೆ ಹೊಳೆದಿದೆ?

ಮತ್ತೆ ಅವ್ವನ ಹಾಡಿಗೆ ಬರುತ್ತೇನೆ. ಗಿರಣಿ ಬಂತು, ಬೀಸುವ ಪದ ಸತ್ತಿತು ಎಂದು ವೇದಿಕೆಯ ಮೇಲೆ ಕಣ್ಣೊರೆಸಿಕೊಳ್ಳುವವರನ್ನು ಬಹಳ ನೋಡಿದ್ದೇನೆ. ಅವರ ಅಂಗೈಯನ್ನು ಒಮ್ಮೆ ನೋಡಬೇಕು ಎನ್ನಿಸುತ್ತದೆ. ಅವ್ವ ನಸುಕಿನ ನಾಲ್ಕಕ್ಕೆ ಎದ್ದು ಬೀಸುತ್ತಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಅವಳು ಜೋಳದ ಪುಟ್ಟಿ ಹೊತ್ತು ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದಳಂತೆ. ಹಾಡು ಉಳಿಯಬೇಕು, ನಿಜ. ಅದಕ್ಕಾಗಿ ಬೀಸುಕಲ್ಲು ಉಳಿಯಬೇಕಿಲ್ಲ. ಹಾಡನ್ನು ಉಳಿಸಲು ನನ್ನ ಲ್ಯಾಪ್‌ಟಾಪಿದೆ.

ಆ ಇಪ್ಪತ್ಮೂರನ್ನೂ ಮತ್ತೆ ಕೇಳುತ್ತ ಕೂತಾಗ ಹದಿನಾಲ್ಕನೆಯದರ ಕೊನೆಗೆ, ಹಾಡು ಮುಗಿದ ಮೇಲೆ, ಒಂದಿಷ್ಟು ಮಾತೂ ಉಳಿದಿತ್ತು. ನಾನು ಮರೆತೇಬಿಟ್ಟಿದ್ದೆ. ಅವ್ವ ಕೇಳುತ್ತಾಳೆ, “ಇದರಾಗ ನನ್ನ ದನಿ ಎಲ್ಲಿ ಕುಂದರತೈತಿ? ಒಂದೀಟು ಬಿಚ್ಚಿ ತೋರ್ಸು, ನೋಡೂಣು.” ಅದಕ್ಕೆ ನನ್ನ ದನಿ, ಅವಸರದ್ದು, ನಗುತ್ತ: “ನಿನಗ ತಿಳಿಯಂಗಿಲ್ಲ ಬಿಡಬೇ ಅವ್ವಾ. ಮುಂದಿಂದು ಹಾಡು.”

ಆ ಒಂದು ಮಾತನ್ನು ಅಳಿಸಿಹಾಕಲೇ ಎಂದು ಎರಡು ದಿನ ಯೋಚಿಸಿದೆ. ಅಳಿಸಲಿಲ್ಲ.

ನಾವೇ ಈ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದೇವೆ. ‘ನನಗ ಅದೆಲ್ಲ ತಿಳಿಯಂಗಿಲ್ಲ, ನಮ್ಮನಿಯವರು ನೋಡ್ತಾರ’ ಎಂದು ಹೇಳುವಾಗ ಒಂದು ಬಗೆಯ ಮುದ್ದು ಕೂಡ ಇರುತ್ತದೆ, ಇಲ್ಲ ಅನ್ನಬೇಡಿ. ನಮ್ಮ ಓಣಿಯ ಒಬ್ಬ ಬಾಯಾರ ಯಜಮಾನರು 2021ರಲ್ಲಿ ತೀರಿಕೊಂಡರು. ಬ್ಯಾಂಕಿನ ಒ.ಟಿ.ಪಿ. ಬರುತ್ತಿದ್ದದ್ದು ಅವರ ಫೋನಿಗೆ, ಗ್ಯಾಸ್ ಬುಕ್ ಆಗುತ್ತಿದ್ದದ್ದು ಅವರ ನಂಬರಿನಿಂದ. ಫೋನಿನ ಬೀಗದ ಗುರುತು ಗೊತ್ತಿದ್ದದ್ದು ಅವರೊಬ್ಬರಿಗೆ. ಮೂವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು, ತನ್ನದೇ ಹಣಕ್ಕಾಗಿ ಬ್ಯಾಂಕಿನ ಬೆಂಚಿನ ಮೇಲೆ ತಿಂಗಳುಗಟ್ಟಲೆ ಕೂತಳು. ಜೊತೆಗೆ ನಾನೂ ಕೂತಿದ್ದೇನೆ.

ಈಗ ಅವರು ಗುರುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾರೆ. ಬ್ಯಾಂಕಿನ ಆ್ಯಪು, ಪಿನ್ನು ಎಲ್ಲ ಕಲಿತಾಯಿತು. ಮೊನ್ನೆ ಯಜಮಾನರ ಹಳೆಯ ಲ್ಯಾಪ್‌ಟಾಪನ್ನು ತಂದಿದ್ದರು, ಒಳಗೆ ಮಗಳ ಮದುವೆಯ ಫೋಟೋಗಳಿವೆಯಂತೆ. ಊಟದ ಮೇಜಿನ ಮೇಲೆ ಹಳೆ ಟವೆಲ್ ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಒಗ್ಗರಣೆ ಡಬ್ಬಿಯ ಬಟ್ಟಲುಗಳಲ್ಲಿ ಹಾಕುತ್ತ ಕೂತೆವು. ಐದು ಬಂದವು. ಆರನೆಯದರ ತಲೆ ಸವೆದುಹೋಗಿತ್ತು. ನಾನು ತಿರುಗಿಸಿ ತಿರುಗಿಸಿ ಸೋತು, ಇದು ಆಗದ ಕೆಲಸ ಎಂದೆ.

“ತಡೀರಿ” ಎಂದು ಅವರು ಒಳಗೆ ಹೋಗಿ ಅಗಲದ ಒಂದು ರಬ್ಬರ್ ಬ್ಯಾಂಡ್ ತಂದರು. ಸ್ಕ್ರೂವಿನ ತಲೆಯ ಮೇಲೆ ಅದನ್ನು ಬಿಗಿಯಾಗಿ ಎಳೆದು ಹಿಡಿದು, ಮೇಲಿಂದ ಸ್ಕ್ರೂಡ್ರೈವರ್ ಒತ್ತಿ ಮೆಲ್ಲಗೆ ತಿರುಗಿಸಿದರು. ಬಂತು.

“ಎಲ್ಲಿ ಕಲಿತ್ರಿ ಇದನ್ನ?” ಎಂದೆ.

“ಕುಕ್ಕರಿನ ಹಿಡಿಕಿ ಇಪ್ಪತ್ತು ವರ್ಷದಿಂದ ನಾನ ರಿಪೇರಿ ಮಾಡೀನಿ” ಎಂದರು. “ಅವರಿಗೆ ಹೇಳಿದ್ದಿಲ್ಲ.”